ದ್ವೀಪದ ಕಾನೂನಿಗೆ ಚಕ್ಕುಬಂದಿ

ಅಂತಾರಾಷ್ಟ್ರೀಯ ಹೂಡಿಕೆಯ ಕರಾರುಪತ್ರ ತೆರೆದರೆ ಮೊದಲ ಹತ್ತಾರು ಪುಟಗಳಲ್ಲಿ ವ್ಯವಹಾರದ ಮಾತೇ ಇರುವುದಿಲ್ಲ. ಎಷ್ಟು ಹಣ, ಯಾರಿಂದ ಯಾರಿಗೆ, ಯಾವಾಗ ಹಿಂತಿರುಗಿಸಬೇಕು, ಇವೆಲ್ಲ ಆಮೇಲೆ. ಮೊದಲು ಬರುವುದು ವ್ಯಾಖ್ಯೆಗಳ ಪಟ್ಟಿ. ಕಂಪನಿ ಎಂದರೆ ಯಾವುದು, ವ್ಯವಹಾರದ ದಿನ ಎಂದರೆ ಯಾವ ದಿನ, ಹೂಡಿಕೆದಾರ ಎಂದರೆ ಯಾರು. ಅಕಾರಾದಿಯಲ್ಲಿ ಸಾಗುವ ಆ ಪಟ್ಟಿಯ ನಡುವೆ ಇಂಥದೊಂದು ನಮೂದು ಸಿಗಬಹುದು: ‘ಜೆರ್ಸಿ ಹಣಕಾಸು ಕಾನೂನುಗಳು ಎಂದರೆ 1998ರ ಹಣಕಾಸು ಸೇವೆಗಳ ಕಾನೂನು, 1988ರ ಸಾಮೂಹಿಕ ಹೂಡಿಕೆ ನಿಧಿಗಳ ಕಾನೂನು, 1958ರ ಸಾಲ ನಿಯಂತ್ರಣ ಆದೇಶ ಮತ್ತು ಅವುಗಳಡಿ ಹೊರಟ ನಿಯಮ, ಸಂಹಿತೆಗಳು, ಕಾಲಕಾಲಕ್ಕೆ ತಿದ್ದುಪಡಿಯಾದಂತೆ ಅಥವಾ ಮತ್ತೆ ಜಾರಿಯಾದಂತೆ.’ ಓದುವವರು ಇದನ್ನು ಹಾರಿಸಿ ಹಣದ ಪುಟಕ್ಕೆ ಹೋಗುತ್ತಾರೆ. ಹಾಗೆ ಹಾರಿಸಬಾರದು.

ನಮ್ಮ ಕಡೆ ಜಮೀನಿನ ಕ್ರಯಪತ್ರ ಕೈಗೆ ಬಂದಾಗ ಅನುಭವಸ್ಥರು ಮೊದಲು ನೋಡುವುದು ಚಕ್ಕುಬಂದಿಯನ್ನು. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಬಂಡಿದಾರಿ ಇದೆಯೋ ಇಲ್ಲವೋ. ಬೆಲೆ, ಸಾಕ್ಷಿ, ಸಹಿ ಎಲ್ಲ ಸರಿಯಿದ್ದು ಚಕ್ಕುಬಂದಿ ತಪ್ಪಿದರೆ ಕೊಂಡ ನೆಲ ಯಾವುದು ಎಂಬುದೇ ತಕರಾರಾಗುತ್ತದೆ. ಕರಾರಿನ ವ್ಯಾಖ್ಯೆಗಳದ್ದೂ ಅದೇ ಕೆಲಸ. ಇಲ್ಲಿ ಎಲ್ಲೆ ಗುರುತಿಸುವುದು ಕಾನೂನಿಗೆ. ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ವಿದೇಶಿ ಫಂಡ್‌ಗಳ ಲೆಕ್ಕ ನೋಡುವ, ಕರಾರು ಪರಿಶೀಲಿಸುವ ನಮ್ಮ ಹುಡುಗ ಹುಡುಗಿಯರ ಮೇಜಿನ ಮೇಲೆ ಜೆರ್ಸಿ, ಕೇಮನ್, ಮಾರಿಷಸ್ ಹೆಸರುಗಳು ದಿನವೂ ಬಂದುಹೋಗುತ್ತವೆ. ಆ ಹೆಸರುಗಳ ಹಿಂದೆ ಏನಿದೆ ಎಂದು ಅವರಿಗೆ ಯಾರೂ ಕೂರಿಸಿ ಹೇಳುವುದು ಅಪರೂಪ.

ಜೆರ್ಸಿಯನ್ನೇ ತೆಗೆದುಕೊಳ್ಳೋಣ. ಸುಮಾರು 120 ಚದರ ಕಿಲೋಮೀಟರ್ ವಿಸ್ತಾರ. ಬೆಂಗಳೂರು ನಗರದ ಐದನೇ ಒಂದು ಭಾಗವೂ ಇಲ್ಲ. ಜನ ಒಂದು ಲಕ್ಷದ ಆಸುಪಾಸು. ಫ್ರಾನ್ಸಿನ ನಾರ್ಮಂಡಿ ಕರಾವಳಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿದ್ದರೂ ದ್ವೀಪ ಬ್ರಿಟನ್ನಿನ ರಾಜಪೀಠಕ್ಕೆ ಸೇರಿದ್ದು. 1204ರಲ್ಲಿ ಇಂಗ್ಲೆಂಡಿನ ದೊರೆ ಜಾನ್ ನಾರ್ಮಂಡಿಯನ್ನು ಫ್ರಾನ್ಸಿಗೆ ಕಳೆದುಕೊಂಡಾಗ ಈ ದ್ವೀಪಗಳು ದೊರೆಯ ಕಡೆ ಉಳಿದವು. ನಾರ್ಮಂಡಿಯಿಂದ ಬಂದ ಕಟ್ಟಳೆಗಳೂ ಉಳಿದವು. ಆದ್ದರಿಂದ ಜೆರ್ಸಿ ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ಲಂಡನ್ನಿನ ಸಂಸತ್ತು ಮಾಡುವ ಕಾಯ್ದೆ ತಾನಾಗಿ ಅಲ್ಲಿಗೆ ಅನ್ವಯಿಸುವುದಿಲ್ಲ. ದ್ವೀಪದ ಶಾಸನಸಭೆ ಕಾನೂನು ಮಾಡುತ್ತದೆ, ಲಂಡನ್ನಿನ ಪ್ರಿವಿ ಕೌನ್ಸಿಲ್ ಮೂಲಕ ರಾಜಮುದ್ರೆ ಬೀಳುತ್ತದೆ, ದ್ವೀಪದ ರಾಯಲ್ ಕೋರ್ಟ್ ಅದನ್ನು ದಾಖಲಿಸಿಕೊಳ್ಳುತ್ತದೆ. ‘ಯುನೈಟೆಡ್ ಕಿಂಗ್‌ಡಮ್‌ನ ಕಾನೂನುಗಳು’ ಎಂದು ಕರಾರಿನಲ್ಲಿ ಬರೆದು ಜೆರ್ಸಿಯೂ ಅದರಲ್ಲಿ ಸೇರಿತೆಂದು ತಿಳಿದರೆ ಮೊದಲ ಹೆಜ್ಜೆಯೇ ತಪ್ಪಿದಂತೆ. ಕಾನೂನಿನ ಹೆಸರಿನೊಳಗೇ ಅವರು ಊರಿನ ಗುರುತು ಇಟ್ಟಿದ್ದಾರೆ: ಕಂಪನೀಸ್ (ಜೆರ್ಸಿ) ಲಾ 1991, ಟ್ರಸ್ಟ್ಸ್ (ಜೆರ್ಸಿ) ಲಾ 1984.

ಇಷ್ಟು ಎಚ್ಚರ ಏಕೆ ಬೇಕೆಂದರೆ, ಒಂದು ದೇಶದ ನ್ಯಾಯಾಲಯಕ್ಕೆ ಇನ್ನೊಂದು ದೇಶದ ಕಾನೂನು ತಾನಾಗಿ ಗೊತ್ತಿರಬೇಕೆಂದಿಲ್ಲ. ವಿದೇಶಿ ಕಾನೂನನ್ನು ಒಂದು ಸಂಗತಿಯಂತೆ ತಜ್ಞರ ಮೂಲಕ ರುಜುವಾತು ಮಾಡಬೇಕು. ಭಾರತದಲ್ಲಿ 1872ರ ಸಾಕ್ಷ್ಯ ಕಾಯ್ದೆಯ 45ನೇ ಕಲಂ ಈ ಮಾತು ಹೇಳುತ್ತಿತ್ತು. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಲ್ಲಿದೆ. ಜೆರ್ಸಿಯ ಕಂಪನಿಯೊಂದು ಲಂಡನ್ ಬ್ಯಾಂಕಿನಿಂದ ಸಾಲ ಎತ್ತುವಾಗ ಸಾಲದ ಕರಾರು ಇಂಗ್ಲೆಂಡಿನ ಕಾನೂನಿನಡಿ ಇರುತ್ತದೆ, ಒತ್ತೆಯಿಟ್ಟ ಷೇರುಗಳ ಪತ್ರ ಜೆರ್ಸಿ ಕಾನೂನಿನಡಿ ಇರುತ್ತದೆ. ಎರಡೂ ಒಂದೇ ದಿನ ಸಹಿಯಾಗುತ್ತವೆ. ಎರಡರ ನಡುವೆ ಬೆಸುಗೆ ಹಾಕುವುದು ವ್ಯಾಖ್ಯೆಗಳೇ.

ವ್ಯಾಖ್ಯೆ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಬಹಳ ತೊಡಕಿನದು ಕಾಲದ ಪ್ರಶ್ನೆ. ಸಹಿ ಮಾಡಿದ ದಿನ ಇದ್ದ ಕಾನೂನೋ, ತಗಾದೆ ಎದ್ದ ದಿನ ಇರುವ ಕಾನೂನೋ? ‘ತಿದ್ದುಪಡಿಯಾದಂತೆ’ ಎಂಬ ಒಂದು ಪದದಿಂದ ಕರಾರು ಕಾನೂನಿನ ಜೊತೆ ನಡೆಯತೊಡಗುತ್ತದೆ. ಆ ಪದ ಇಲ್ಲದಿದ್ದರೆ, ಅಥವಾ ‘ಈ ಕರಾರಿನ ದಿನಾಂಕದಂದು ಇದ್ದಂತೆ’ ಎಂದಿದ್ದರೆ, ಅಲ್ಲೇ ನಿಲ್ಲುತ್ತದೆ. ಎರಡಕ್ಕೂ ಅವುಗಳದೇ ಸಮಯ ಸಂದರ್ಭ ಇದೆ. ಪರವಾನಗಿ, ಹಣ ಅಕ್ರಮ ವರ್ಗಾವಣೆ ತಡೆ ಇಂಥ ವಿಷಯಗಳಲ್ಲಿ ಕಾನೂನಿನ ಜೊತೆ ನಡೆಯುವುದೇ ಸರಿ. ನಿನ್ನೆಯ ನಿಯಮ ಪಾಲಿಸಿದೆ ಎಂದು ನಿಯಂತ್ರಕರ ಮುಂದೆ ಹೇಳಿ ಯಾರೂ ಉಳಿಯಲಾರರು. ಆದರೆ ಬಡ್ಡಿ, ತೆರಿಗೆಯ ಹೊರೆ ಹಂಚಿಕೊಂಡ ಕಡೆ, ನಾಳೆ ಬರುವ ಬದಲಾವಣೆಯ ಖರ್ಚನ್ನು ಯಾರು ಹೊರಬೇಕು ಎಂಬುದು ಚೌಕಾಸಿಯ ಮಾತು. ಅಲ್ಲಿ ನಿಂತ ಗಡಿಯಾರವೇ ಒಬ್ಬರಿಗೆ ರಕ್ಷೆ.

ಜೆರ್ಸಿಯ ಒತ್ತೆ ಕಾನೂನು ಇದಕ್ಕೆ ಒಳ್ಳೆಯ ನಿದರ್ಶನ. ಷೇರು, ಬ್ಯಾಂಕ್ ಖಾತೆಯಂಥ ಚರ ಆಸ್ತಿಯ ಮೇಲಿನ ಭದ್ರತೆಗೆ ಅಲ್ಲಿ 1983ರದ್ದೊಂದು ಕಾನೂನಿತ್ತು. ಷೇರು ಪ್ರಮಾಣಪತ್ರಗಳನ್ನು ಸಾಲ ಕೊಟ್ಟವನ ಕೈಗೆ ಒಪ್ಪಿಸುವಂಥ ಹಳೆಯ ವಿಧಾನಗಳ ಮೇಲೆ ಅದು ನಿಂತಿತ್ತು. 2012ರಲ್ಲಿ ಹೊಸ ಕಾನೂನು ಮಾಡಿದರು. ನ್ಯೂಜಿಲೆಂಡ್ ಮತ್ತು ಕೆನಡಾದ ಸಸ್ಕಾಚವಾನ್ ಪ್ರಾಂತ್ಯದ ಮಾದರಿ ನೋಡಿ, ಸಾರ್ವಜನಿಕ ನೋಂದಣಿ ಪುಸ್ತಕದೊಡನೆ. 2014ರ ಜನವರಿ 2ರಂದು ಅದು ಜಾರಿಗೆ ಬಂತು. ಹಳೆಯ ಕಾನೂನಿನಡಿ ಆಗಲೇ ಹುಟ್ಟಿದ್ದ ಒತ್ತೆಗಳು ಹಳೆಯ ಕಾನೂನಿನಡಿಯೇ ಮುಂದುವರಿದವು. ಹೀಗಾಗಿ ಒಂದೇ ಕಂಪನಿಯ ಕಪಾಟಿನಲ್ಲಿ ಎರಡು ಕಾಲದ ಒತ್ತೆಪತ್ರಗಳು ಅಕ್ಕಪಕ್ಕ ಬದುಕಬಲ್ಲವು. 2011ರ ಪತ್ರದಲ್ಲಿ ‘1983ರ ಕಾನೂನು ಅಥವಾ ಅದರ ಸ್ಥಾನದಲ್ಲಿ ಬಂದದ್ದು’ ಎಂದು ಇದೆ ಎಂದಿಟ್ಟುಕೊಳ್ಳಿ. ಹೊಸ ಕಾನೂನಿನಡಿ ನೋಂದಣಿ ಬೇಕೇ ಬೇಡವೇ? ಕರಾರು ಒಂದು ದಾರಿ ತೋರಿಸುತ್ತದೆ, ಶಾಸನದ ಸಂಕ್ರಮಣ ಕಲಂ ಇನ್ನೊಂದು ದಾರಿ. ಶಾಸನವೇ ಗೆಲ್ಲುತ್ತದೆ. ಬಲ್ಲ ವಕೀಲರು ಇಂಥ ಕಡೆ ಎರಡೂ ಕಾನೂನುಗಳನ್ನು ಬೇರೆ ಬೇರೆ ಹೆಸರಿನಲ್ಲಿ ವ್ಯಾಖ್ಯಾನಿಸಿ, ಯಾವ ಆಸ್ತಿಗೆ ಯಾವುದು ಎಂದು ಬಿಡಿಸಿ ಬರೆಯುತ್ತಾರೆ.

ಕೇಮನ್ ದ್ವೀಪಗಳಲ್ಲಿ ಆದದ್ದು ಇನ್ನೂ ಸರಳ, ಆದರೂ ಜಗತ್ತಿನಾದ್ಯಂತ ಕಡತ ತೆರೆಸಿತು. 2020ರ ಡಿಸೆಂಬರ್ 3ರಿಂದ ಅಲ್ಲಿನ ‘ಲಾ’ಗಳೆಲ್ಲ ‘ಆ್ಯಕ್ಟ್’ಗಳಾದವು. ಒಳಗಿನ ವಿಧಿಗಳು ಹಾಗೆಯೇ ಉಳಿದು ಹೆಸರಿನ ಕೊನೆಯ ಪದ ಬದಲಾಯಿತು. ಮಾರಿಷಸ್‌ನಲ್ಲಿ ಬದಲಾದದ್ದು ಹೆಸರೊಂದೇ ಅಲ್ಲ, ಒಳಗಿನ ಸಾಮಗ್ರಿಯೂ. ಭಾರತಕ್ಕೆ ಹಣ ತಂದ ಎಷ್ಟೋ ಕಂಪನಿಗಳ ಪತ್ರಗಳಲ್ಲಿ ‘2007ರ ಹಣಕಾಸು ಸೇವೆಗಳ ಕಾಯ್ದೆಯಡಿ ಮೊದಲ ವರ್ಗದ ಜಾಗತಿಕ ವ್ಯವಹಾರ ಪರವಾನಗಿ ಹೊಂದಿದ’ ಎಂಬ ವಿಶೇಷಣ ಇರುತ್ತಿತ್ತು. 2019ರ ಜನವರಿ 1ರಿಂದ ಆ ವರ್ಗಗಳೇ ರದ್ದಾದವು. ಹಳೆಯ ಪರವಾನಗಿಗಳಿಗೆ 2021ರ ಜೂನ್ 30ರವರೆಗೆ ಕಾಲಾವಕಾಶ ಸಿಕ್ಕಿತು. ಆ ಪರವಾನಗಿ ಕರಾರಿನ ಅವಧಿಯುದ್ದಕ್ಕೂ ಇರುತ್ತದೆ ಎಂದು ಭರವಸೆ ಕೊಟ್ಟಿದ್ದವರು ತಮ್ಮ ತಪ್ಪಿಲ್ಲದೆಯೇ ವಚನಭಂಗದ ಅಂಚಿಗೆ ಬಂದಿದ್ದರು. ವ್ಯಾಖ್ಯೆ ಸರಿಯಾಗಿದ್ದವರು ನೆಮ್ಮದಿಯಿಂದಿದ್ದರು.

ಪಟ್ಟಿಯನ್ನು ಮುಚ್ಚಿ ಬರೆಯಬೇಕೋ ತೆರೆದು ಬಿಡಬೇಕೋ ಎಂಬುದು ಮತ್ತೊಂದು ವಿಚಾರ. ದಿವಾಳಿಯ ವ್ಯಾಖ್ಯೆ ನೋಡಿ. ಇಂಗ್ಲೆಂಡಿನ ಮಾದರಿಯಿಂದ ನಕಲಿಸಿದ ಕರಾರಿನಲ್ಲಿ ಆಡಳಿತಾಧಿಕಾರಿ ನೇಮಕ, ರಿಸೀವರ್ ನೇಮಕ ಎಂದೆಲ್ಲ ಇರುತ್ತದೆ. ಇಂಗ್ಲೆಂಡಿನಲ್ಲಿರುವಂಥ ಆಡಳಿತಾಧಿಕಾರಿ ವ್ಯವಸ್ಥೆ ಜೆರ್ಸಿಯ ಕಾನೂನಿನಲ್ಲಿ ಇಲ್ಲ. ಅಲ್ಲಿರುವುದು ‘ದೆಜಾಸ್ತ್ರ್’: ರಾಯಲ್ ಕೋರ್ಟ್ ಘೋಷಿಸಿದ ಕೂಡಲೇ ಸಾಲಗಾರನ ಆಸ್ತಿ ವೈಕೌಂಟ್ ಎಂಬ ನ್ಯಾಯಾಲಯದ ಅಧಿಕಾರಿಯ ವಶಕ್ಕೆ ಹೋಗುತ್ತದೆ. ಆದ್ದರಿಂದ ತಿಳಿದವರು 1954ರ ಜೆರ್ಸಿ ಅರ್ಥವಿವರಣಾ ಕಾನೂನಿನ 8ನೇ ವಿಧಿಯನ್ನು ಹೆಸರಿಸಿ, ಅಲ್ಲಿ ಹೇಳಿದ ದಿವಾಳಿ ಎಂದು ಬರೆಯುತ್ತಾರೆ. 2022ರ ಮಾರ್ಚ್‌ವರೆಗೆ ಸಾಲ ಕೊಟ್ಟವರು ತಾವೇ ನ್ಯಾಯಾಲಯಕ್ಕೆ ಹೋಗಿ ಜೆರ್ಸಿ ಕಂಪನಿಯ ಸಮಾಪನ ಕೇಳುವಂತಿರಲಿಲ್ಲ. ಆಮೇಲೆ ಆ ದಾರಿಯೂ ತೆರೆಯಿತು. ಹಳೆಯ ಪತ್ರದಲ್ಲಿ ‘ಇಂಥದೇ ಪರಿಣಾಮದ ಬೇರೆ ಯಾವುದೇ ಪ್ರಕ್ರಿಯೆ’ ಎಂಬ ಬಾಲ ಇದ್ದರೆ ಹೊಸದೂ ಒಳಗೆ ಬಂತು. ಇಲ್ಲದಿದ್ದರೆ ವಾದಕ್ಕೆ ಎಡೆಯಾಯಿತು.

ಇನ್ನು ಕಾನೂನಿನ ಆಳ. ಜೆರ್ಸಿಯಲ್ಲಿ ಶಾಸನ ಮೇಲಿನ ಪದರ. ಅದರ ಕೆಳಗೆ ನಿಯಮಗಳು, ಆದೇಶಗಳು, 1998ರಲ್ಲಿ ಸ್ಥಾಪನೆಯಾದ ಜೆರ್ಸಿ ಹಣಕಾಸು ಸೇವೆಗಳ ಆಯೋಗದ ಸಂಹಿತೆಗಳು. ಇನ್ನೂ ಕೆಳಗೆ ಮಾರ್ಗದರ್ಶಿಗಳು. 2017ರಲ್ಲಿ ಖಾಸಗಿ ಫಂಡ್‌ಗಳಿಗಾಗಿ ಆಯೋಗ ತಂದ ಮಾರ್ಗದರ್ಶಿ ಶಾಸನವಲ್ಲ. ಆದರೂ 50 ಹೂಡಿಕೆದಾರರ ಮಿತಿಯಂಥ ಷರತ್ತುಗಳನ್ನು ಅದೇ ಹೇಳಿತ್ತು. ಬರೀ ‘ಕಾನೂನುಗಳು’ ಎಂದು ಬರೆದ ವ್ಯಾಖ್ಯೆ ಇಷ್ಟು ಕೆಳಗೆ ಇಳಿಯುತ್ತದೆಯೇ? ಇಳಿಯಬೇಕೆಂದರೆ ಹೆಸರಿಸಿಯೇ ಬರೆಯಬೇಕು.

ಮೇಲಿನ ಪಟ್ಟಿಯಲ್ಲಿದ್ದ 1958ರ ಸಾಲ ನಿಯಂತ್ರಣ ಆದೇಶವನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅದರ ತಾಯಿಬೇರು 1947ರ ಸಾಲ ನಿಯಂತ್ರಣ ಕಾನೂನು. ಎರಡನೇ ಮಹಾಯುದ್ಧದಲ್ಲಿ 1940ರಿಂದ 1945ರವರೆಗೆ ದ್ವೀಪ ಜರ್ಮನ್ ಸೇನೆಯ ವಶದಲ್ಲಿತ್ತು. ಯುದ್ಧ ಮುಗಿದ ಮೇಲೆ ಬ್ರಿಟನ್ 1946ರಲ್ಲಿ, ವಿರಳವಾಗಿದ್ದ ಬಂಡವಾಳ ಎಲ್ಲಿಗೆ ಹರಿಯಬೇಕೆಂದು ಸರ್ಕಾರವೇ ನಿಗಾ ಇಡುವ ಕಾಯ್ದೆ ತಂದಿತು. ಜೆರ್ಸಿ ಮರುವರ್ಷ ಅದೇ ಜಾಡಿನಲ್ಲಿ ನಡೆಯಿತು. ಅದೇ 1947ರಲ್ಲಿ ಭಾರತದಲ್ಲೂ ಬಂಡವಾಳ ನೀಡಿಕೆ ನಿಯಂತ್ರಣ ಕಾಯ್ದೆ ಬಂತು. ಕಂಪನಿಗಳು ಷೇರು ಬಿಡಲು ದೆಹಲಿಯ ಒಪ್ಪಿಗೆ ಬೇಕಿದ್ದ ಆ ಕಾಲವನ್ನು ಹಿರಿಯ ಹೂಡಿಕೆದಾರರು ಮರೆತಿರಲಾರರು. ನಮ್ಮಲ್ಲಿ ಅದು 1992ರಲ್ಲಿ ರದ್ದಾಗಿ ಸೆಬಿಯ ಯುಗ ಶುರುವಾಯಿತು. ಜೆರ್ಸಿ ತನ್ನದನ್ನು ಉಳಿಸಿಕೊಂಡು ಬೇರೆ ಕೆಲಸಕ್ಕೆ ಹಚ್ಚಿತು: ಅಲ್ಲಿ ಕಂಪನಿ ಷೇರು ಕೊಡಲು, ಫಂಡ್ ಘಟಕ ಬಿಡಲು ಈ ಆದೇಶದಡಿ ಆಯೋಗದ ಒಪ್ಪಿಗೆಪತ್ರ ಬೇಕು. ಆ ಪತ್ರದಲ್ಲಿ ಆಯಾ ಫಂಡ್‌ಗೇ ಸೀಮಿತವಾದ ಷರತ್ತುಗಳಿರುತ್ತವೆ. ‘ನಾವು ಸಾಲವನ್ನೇ ಎತ್ತುತ್ತಿಲ್ಲವಲ್ಲ’ ಎಂದುಕೊಂಡು ಈ ಹೆಸರನ್ನು ಪಟ್ಟಿಯಿಂದ ತೆಗೆದರೆ ಫಂಡಿನ ಅಸ್ತಿತ್ವಕ್ಕೇ ಆಧಾರವಾದ ಅನುಮತಿ ಕರಾರಿನ ಹೊರಗೆ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಡುವ ಜಾಗ ಇನ್ನೊಂದಿದೆ, ಜಾಮೀನು. ಜೆರ್ಸಿ ಕಾನೂನಿನಲ್ಲಿ ಶಾಸನಗಳಷ್ಟೇ ಇಲ್ಲ. ನಾರ್ಮನ್ ಕಟ್ಟಳೆ ಇಂದಿಗೂ ಜೀವಂತ. ಕರಾರಿನ ಪ್ರಶ್ನೆ ಬಂದಾಗ ಅಲ್ಲಿನ ನ್ಯಾಯಾಲಯಗಳು 18ನೇ ಶತಮಾನದ ಫ್ರೆಂಚ್ ನ್ಯಾಯಪಂಡಿತ ಪೋತಿಯೇ ಬರೆದದ್ದನ್ನು ಪ್ರಮಾಣವಾಗಿ ನೋಡುತ್ತವೆ. ಜಾಮೀನುದಾರನಿಗೆ ಆ ಕಟ್ಟಳೆ ಎರಡು ರಕ್ಷೆ ಕೊಡುತ್ತದೆ. ಮೊದಲನೆಯದು ‘ದ್ರುವಾ ದ ದಿಸ್ಕ್ಯುಸಿಯಾಂ’: ಮೊದಲು ಮೂಲ ಸಾಲಗಾರನ ಆಸ್ತಿಯ ಮೇಲೆ ಹೋಗಿ, ಅಲ್ಲಿ ಸಿಗದಿದ್ದರೆ ನನ್ನ ಬಾಗಿಲಿಗೆ ಬನ್ನಿ ಎನ್ನುವ ಹಕ್ಕು. ಎರಡನೆಯದು ‘ದ್ರುವಾ ದ ದಿವಿಜಿಯಾಂ’: ನಾವು ಮೂವರು ಜಾಮೀನು ನಿಂತಿದ್ದೇವೆ, ನನ್ನ ಪಾಲು ಮೂರನೇ ಒಂದು ಮಾತ್ರ ಎನ್ನುವ ಹಕ್ಕು. ಇವು ರೋಮನ್ ನ್ಯಾಯಪದ್ಧತಿಯಿಂದ ಇಳಿದು ಬಂದವು. ನೆರೆಯವನಿಗಾಗಿ, ತಮ್ಮನಿಗಾಗಿ ಸಹಿ ಹಾಕಿದವನು ಬೀದಿಗೆ ಬೀಳಬಾರದು ಎಂಬ ಮಾನವೀಯ ಯೋಚನೆ ಅದರಲ್ಲಿದೆ.

ಭಾರತದಲ್ಲಿ ಜಾಮೀನುದಾರನಿಗೆ ಈ ಆಸರೆ ಇಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರು ಬೇರೆ ರೀತಿ ಹೇಳದಿದ್ದರೆ, ಅವನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಬ್ಯಾಂಕು ಮೊದಲು ಸಾಲಗಾರನನ್ನು ಹಿಡಿಯಬೇಕು ಎಂಬ ವಾದವನ್ನು ಸುಪ್ರೀಂ ಕೋರ್ಟ್ 1968ರಲ್ಲಿ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ತಳ್ಳಿಹಾಕಿತು. ಸಹಕಾರ ಸಂಘದ ಸಾಲಕ್ಕೆ ಬಂಧುವಿನ ಪರವಾಗಿ ಸಹಿ ಹಾಕಿ, ಆಮೇಲೆ ನೋಟಿಸು ಕೈಗೆ ಬಂದಾಗ ಕಂಗಾಲಾದವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಅವರ ಸಂಕಟ ಬಲ್ಲವರಿಗೆ ಜೆರ್ಸಿಯ ಹಳೆಯ ಕಟ್ಟಳೆಯ ಬೆಲೆ ಏನೆಂದು ವಿವರಿಸಬೇಕಿಲ್ಲ.

ಆದರೆ ಆ ರಕ್ಷೆ ಇಂದಿನ ವ್ಯಾಪಾರಿ ಕರಾರುಗಳಲ್ಲಿ ಸಹಿಯ ದಿನವೇ ಮಣ್ಣಾಗುತ್ತದೆ. ಜೆರ್ಸಿಯ ಕಂಪನಿ ಜಾಮೀನು ನಿಂತ ಪತ್ರಗಳಲ್ಲೆಲ್ಲ ಈ ಎರಡು ಹಕ್ಕುಗಳನ್ನು ಫ್ರೆಂಚ್ ಹೆಸರಿನಿಂದಲೇ ಕರೆದು, ಇವನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ ಎಂದು ಬರೆಸಿಕೊಳ್ಳುವುದು ರೂಢಿ. ಹೆಸರು ಹಿಡಿದೇ ಕರೆಯುವುದಕ್ಕೆ ಕಾರಣವಿದೆ. ಈ ಹಕ್ಕುಗಳು ಯಾವ ಶಾಸನದ ಯಾವ ಕಲಮಿನಲ್ಲೂ ಹುಟ್ಟಿದವಲ್ಲ. ‘ಜೆರ್ಸಿ ಕಾನೂನು ಎಂದರೆ ಶಾಸನಸಭೆ ಮಾಡಿದ ಕಾನೂನುಗಳು’ ಎಂಬ ವ್ಯಾಖ್ಯೆ ಇದ್ದ ಕರಾರಿನಲ್ಲಿ ‘ಜೆರ್ಸಿ ಕಾನೂನಿನಡಿಯ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ’ ಎಂದು ಬರೆದರೂ ಕಟ್ಟಳೆಯ ಹಕ್ಕು ಉಳಿದುಕೊಂಡೀತು. ಸಾಲ ಕೊಟ್ಟವನಿಗೆ ಅದು ಕಂದಕ, ಜಾಮೀನುದಾರನಿಗೆ ಕೊನೆಯ ಕವಚ. ದೊಡ್ಡ ಕಂಪನಿಗಳು ವಕೀಲರ ಸಮ್ಮುಖದಲ್ಲಿ ಇದನ್ನು ತಿಳಿದೇ ಬಿಟ್ಟುಕೊಡುತ್ತವೆ, ಅದರಲ್ಲಿ ಅನ್ಯಾಯವಿಲ್ಲ. ತನ್ನ ಹೊಸ ಉದ್ದಿಮೆಗಾಗಿ ವಿದೇಶಿ ಪತ್ರಕ್ಕೆ ವೈಯಕ್ತಿಕ ಜಾಮೀನು ಹಾಕುವ ಒಬ್ಬ ವ್ಯಕ್ತಿಗೆ ಮಾತ್ರ, ನೀನು ಬಿಟ್ಟುಕೊಡುತ್ತಿರುವುದು ಇಂಥದು ಎಂದು ಅವನ ಭಾಷೆಯಲ್ಲಿ ಹೇಳುವವರು ಬೇಕು.

ಇಷ್ಟೆಲ್ಲ ಬಲವಿದ್ದರೂ ವ್ಯಾಖ್ಯೆಯ ಕೈ ಒಂದು ಗೆರೆ ದಾಟಿ ಚಾಚುವುದಿಲ್ಲ. ಅದು ಸಹಿ ಹಾಕಿದವರನ್ನು ಕಟ್ಟುತ್ತದೆ, ಸರ್ಕಾರಗಳನ್ನು ಕಟ್ಟುವುದಿಲ್ಲ. ಇದನ್ನು ಭಾರತ ಮತ್ತು ಜೆರ್ಸಿ ಇಬ್ಬರೂ ಕಂಡದ್ದು ಕೇರ್ನ್ ಪ್ರಕರಣದಲ್ಲಿ. ರಾಜಸ್ಥಾನದ ಮರುಭೂಮಿಯಲ್ಲಿ ತೈಲ ಕಂಡುಹಿಡಿದ ಬ್ರಿಟನ್ನಿನ ಕೇರ್ನ್ ಸಮೂಹ 2006ರಲ್ಲಿ ತನ್ನ ಭಾರತದ ವ್ಯವಹಾರವನ್ನು ಷೇರುಪೇಟೆಗೆ ತರುವ ಮುನ್ನ ಒಂದು ಮರುಜೋಡಣೆ ಮಾಡಿತು. ಭಾರತದ ಆಸ್ತಿಗಳನ್ನು ಹಿಡಿದಿದ್ದ ಕಂಪನಿಗಳನ್ನು ಕೇರ್ನ್ ಇಂಡಿಯಾ ಹೋಲ್ಡಿಂಗ್ಸ್ ಎಂಬ ಜೆರ್ಸಿ ಕಂಪನಿಯ ಕೆಳಗೆ ತಂದು, ಆ ಜೆರ್ಸಿ ಕಂಪನಿಯ ಷೇರುಗಳನ್ನು ಭಾರತದ ಕೇರ್ನ್ ಇಂಡಿಯಾಕ್ಕೆ ವರ್ಗಾಯಿಸಿತು. ಕಾಗದದ ಪ್ರಕಾರ ಕೈ ಬದಲಿಸಿದ್ದು ದ್ವೀಪದ ಕಂಪನಿಯೊಂದರ ಷೇರು.

2012ರಲ್ಲಿ ಭಾರತದ ಸಂಸತ್ತು ಆದಾಯ ತೆರಿಗೆ ಕಾಯ್ದೆಯ 9ನೇ ಕಲಮಿಗೆ ಒಂದು ವಿವರಣೆ ಸೇರಿಸಿತು. ವಿದೇಶಿ ಕಂಪನಿಯ ಷೇರಿನ ಮೌಲ್ಯದ ಗಣನೀಯ ಪಾಲು ಭಾರತದ ಆಸ್ತಿಯಿಂದ ಬಂದಿದ್ದರೆ ಆ ಷೇರು ಭಾರತದಲ್ಲೇ ಇದೆ ಎಂದು, ಹಿಂದಿನಿಂದಲೂ ಇತ್ತು ಎಂದು ಭಾವಿಸಬೇಕು. ಅದೂ ಒಂದು ವ್ಯಾಖ್ಯೆಯೇ. ಆದರೆ ಪಕ್ಷಗಾರರದ್ದಲ್ಲ, ಸಾರ್ವಭೌಮ ಶಾಸಕಾಂಗದ್ದು. ಅದರ ಬಲದ ಮೇಲೆ ತೆರಿಗೆ ಇಲಾಖೆ ಕೇರ್ನ್ ಮೇಲೆ 10,247 ಕೋಟಿ ರೂಪಾಯಿಯ ಬೇಡಿಕೆ ಹೊರಿಸಿತು. ಹೂಡಿಕೆ ರಕ್ಷಣಾ ಒಪ್ಪಂದದಡಿ ನಡೆದ ಅಂತಾರಾಷ್ಟ್ರೀಯ ಪಂಚಾಯ್ತಿ 2020ರ ಡಿಸೆಂಬರ್‌ನಲ್ಲಿ ಕಂಪನಿಯ ಪರ ತೀರ್ಪಿತ್ತು, 120 ಕೋಟಿ ಡಾಲರ್ ಪರಿಹಾರ ಮತ್ತು ಬಡ್ಡಿ ಕೊಡುವಂತೆ ಹೇಳಿತು. 2021ರಲ್ಲಿ ಸಂಸತ್ತು ಹಿಂದಿನ ವ್ಯವಹಾರಗಳ ಮೇಲಿನ ಆ ತೆರಿಗೆಯನ್ನು ಕೈಬಿಟ್ಟಿತು. 2022ರಲ್ಲಿ ಸುಮಾರು 7,900 ಕೋಟಿ ರೂಪಾಯಿ ಹಿಂತಿರುಗಿತು. ಹಿಂದಿನ ದಿನಾಂಕಕ್ಕೆ ತೆರಿಗೆ ಹಾಕಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ಭಾರತದ ನೆಲದ ತೈಲದಿಂದ ಬೆಲೆ ಪಡೆದ ಷೇರಿನ ಮೇಲೆ ಮುಂದಿನ ದಿನಗಳಿಗೆ ಭಾರತ ತನ್ನ ಹಕ್ಕು ಸಾರಿದ್ದು ನ್ಯಾಯವಾದದ್ದೇ. 2012ರ ಮೇ 28ರ ನಂತರದ ವ್ಯವಹಾರಗಳಿಗೆ ಆ ವಿವರಣೆ ಉಳಿಯಿತು.

ಅಂದಿನಿಂದ ಭಾರತದ ಆಸ್ತಿ ಹಿಡಿದ ದ್ವೀಪ ಕಂಪನಿಗಳ ಷೇರು ಮಾರಾಟದ ಪತ್ರಗಳಲ್ಲಿ ಭಾರತದ ಪರೋಕ್ಷ ವರ್ಗಾವಣೆ ತೆರಿಗೆಗೆ ಬೇರೆಯೇ ವ್ಯಾಖ್ಯೆ ಬರುತ್ತದೆ, ಅದು ಬಿದ್ದರೆ ಮಾರಿದವರು ಭರಿಸಬೇಕೋ ಕೊಂಡವರೋ ಎಂಬ ಹೊಣೆಪತ್ರವೂ ಬರುತ್ತದೆ. ಆ ವ್ಯಾಖ್ಯೆಗಳು ಇಷ್ಟು ಕಾಲ ಹೆಸರಿಸುತ್ತಿದ್ದುದು 1961ರ ಆದಾಯ ತೆರಿಗೆ ಕಾಯ್ದೆಯನ್ನು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅದರ ಸ್ಥಾನಕ್ಕೆ ಬರುವಂತೆ ಸಂಸತ್ತು ಗೊತ್ತುಪಡಿಸಿದೆ. ಕಲಮುಗಳ ಸಂಖ್ಯೆಯೂ ಬದಲಾಗಿದೆ. ಭಾರತದ ನ್ಯಾಯಾಲಯದ ಮುಂದೆ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 8ನೇ ಕಲಂ ನೆರವಿಗೆ ನಿಲ್ಲುತ್ತದೆ: ಒಂದು ಪತ್ರದಲ್ಲಿ ಹಳೆಯ ಕಾಯ್ದೆಯ ವಿಧಿಯನ್ನು ಹೆಸರಿಸಿದ್ದು ಅದು ಹೊಸದಾಗಿ ಜಾರಿಗೆ ಬಂದಿದ್ದರೆ, ಬೇರೆ ಉದ್ದೇಶ ಕಾಣದ ಹೊರತು, ಹೊಸದನ್ನೇ ಹೇಳಿದಂತೆ ಓದಬೇಕು. ಆದರೆ ಜೆರ್ಸಿಯ ರಾಜಧಾನಿ ಸೇಂಟ್ ಹೀಲಿಯರ್‌ನಲ್ಲಿ ಬರೆದು, ಜೆರ್ಸಿ ಕಾನೂನಿಗೆ ಒಪ್ಪಿಸಿ, ರಾಯಲ್ ಕೋರ್ಟಿನಲ್ಲಿ ವಿಚಾರಣೆಗೆ ಬರುವ ಕರಾರಿನಲ್ಲಿ ವಿದೇಶಿ ಕಾನೂನಿನ ಜಾಗದಲ್ಲಿ ನಿಲ್ಲುವುದು ನಮ್ಮ ಕಾಯ್ದೆ. ಹತ್ತು ವರ್ಷದ ಹಿಂದೆ ಯಾರೋ ಗುಮಾಸ್ತರು ಆ ವ್ಯಾಖ್ಯೆಯ ಕೊನೆಗೆ ‘ಅಥವಾ ಅದರ ಸ್ಥಾನದಲ್ಲಿ ಬರುವ ಯಾವುದೇ ಕಾಯ್ದೆ’ ಎಂದು ಸೇರಿಸಿದ್ದರೆ ಮಾರಿದವರ ಹೊಣೆ ಹೊಸ ಕಾಯ್ದೆಗೂ ಹರಿಯುತ್ತದೆ. ಸೇರಿಸಿರದಿದ್ದರೆ ಎರಡೂ ಕಡೆಯವರು ಕುಳಿತು ತಿದ್ದುಪಡಿ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಭಾರತದ ತಜ್ಞರೊಬ್ಬರನ್ನು ರಾಯಲ್ ಕೋರ್ಟಿನ ಮುಂದೆ ನಿಲ್ಲಿಸಿ ನಮ್ಮ 8ನೇ ಕಲಮಿನ ಅರ್ಥ ಹೇಳಿಸಬೇಕು.